ಬುದ್ಧಿವಂತರ ಜಿಲ್ಲೆಯ ಕಣ್ಣು

ಮೇ ತಿಂಗಳ ಕೊನೆಯಲ್ಲಿ ಮಂಗಳೂರಿನ ಪೇಟೆಯಲ್ಲಿ ಕೊಡೆ, ರೈನ್‌ಕೋಟು, ಯೂನಿಫಾರ್ಮು, ನೋಟ್‌ಬುಕ್ಕುಗಳ ವ್ಯಾಪಾರ ಜೋರು. ಮಕ್ಕಳಿರುವ ಮನೆಗಳ ಖರೀದಿ ಪಟ್ಟಿಗೆ ಈಗೀಗ ಕನ್ನಡಕವೂ ಸೇರಿಕೊಂಡಿದೆ. ‘ಮಗಳ ಪವರ್ ಮತ್ತೆ ಜಾಸ್ತಿಯಾಗಿದೆ’ ಎನ್ನುವುದು ಶಾಲೆ ಶುರುವಾಗುವ ಮುಂಚಿನ ಮಾಮೂಲಿ ಮಾತಾಗಿಬಿಟ್ಟಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶಗಳೂ ಬಂದಿರುತ್ತವೆ. ಉಡುಪಿ ಮತ್ತು ದಕ್ಷಿಣ ಕನ್ನಡ ಮೇಲಿನ ಸ್ಥಾನಗಳನ್ನು ತಮ್ಮೊಳಗೇ ಹಂಚಿಕೊಂಡ ವರ್ಷಗಳು ಒಂದೆರಡಲ್ಲ. ಈ ಎರಡು ಸುದ್ದಿಗಳಿಗೆ ನಂಟಿದೆಯೇ? ಇದೆ ಎನ್ನುತ್ತವೆ ಒಂದೂವರೆ ಶತಮಾನದ ಅಧ್ಯಯನಗಳು. ಆದರೆ ಆ ನಂಟು ಬರುವುದು ಪುಸ್ತಕದಿಂದಲೋ, ಬಿಸಿಲಿಲ್ಲದ ಬಾಲ್ಯದಿಂದಲೋ, ಅಪ್ಪ ಅಮ್ಮನಿಂದಲೋ ಎಂಬ ತಕರಾರು ಇನ್ನೂ ಮುಗಿದಿಲ್ಲ.

ಸೋಜಿಗವೆಂದರೆ, ಇನ್ನೂ ಇತ್ಯರ್ಥವಾಗದ ಈ ಕಾರಣದ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಖಚಿತ ಅಭಿಪ್ರಾಯವಿದೆ. ಖಚಿತವಾಗಿ ಗೊತ್ತಿರುವ ಪರಿಹಾರ ಮಾತ್ರ ಎಷ್ಟೋ ಮಕ್ಕಳ ಮೂಗಿನ ಮೇಲೆ ಬಂದು ಕೂತಿಲ್ಲ.

ಕಣ್ಣಿನೊಳಗೆ ಆಗುವುದೇನು

ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದ. ದೊಡ್ಡವರಾಗುವ ಹೊತ್ತಿಗೆ ಅದು 24ರ ಆಸುಪಾಸಿಗೆ ಬಂದು ನಿಲ್ಲಬೇಕು. ನಿಲ್ಲದೆ ಇನ್ನಷ್ಟು ಉದ್ದವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ, ಹಲಗೆ ಮಸುಕಾಗುತ್ತದೆ. ಇದು ಸಮೀಪದೃಷ್ಟಿ. ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ಕನ್ನಡಕದ ನಂಬರ್ ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಕಣ್ಣು ಗಿಡ್ಡವಾಗಿದ್ದರೆ ದೂರದೃಷ್ಟಿ. ಕಾರ್ನಿಯಾದ ಬಾಗು ಒಂದೊಂದು ದಿಕ್ಕಿಗೆ ಒಂದೊಂದು ಥರ ಇದ್ದರೆ ಅಸ್ಟಿಗ್ಮ್ಯಾಟಿಸಂ. ಶಾಲಾ ಮಕ್ಕಳಲ್ಲಿ ದೃಷ್ಟಿ ಕುಂದಲು ಈ ಮೂರೇ ಮುಖ್ಯ ಕಾರಣ, ಮೂರಕ್ಕೂ ಗಾಜಿನ ತುಂಡೊಂದು ಸಾಕು.

ಗಾಜಿಗೆ ಬಗ್ಗದವೂ ಇವೆ. ಎರಡು ಕಣ್ಣುಗಳ ಪವರಿನಲ್ಲಿ ಬಹಳ ಅಂತರವಿದ್ದರೆ ಅಥವಾ ಮೆಳ್ಳೆಗಣ್ಣಿದ್ದರೆ ಮೆದುಳು ಒಂದು ಕಣ್ಣಿನ ಚಿತ್ರವನ್ನು ಬಿಟ್ಟೇಬಿಡುತ್ತದೆ. ‘ಸೋಮಾರಿ ಕಣ್ಣು’ ಎನ್ನುವ ಈ ತೊಂದರೆಯನ್ನು ಏಳು ವರ್ಷದೊಳಗೆ ಹಿಡಿದರೆ ಒಳ್ಳೆಯ ಫಲ ಸಿಗುತ್ತದೆ, ಆಮೇಲೆ ವರ್ಷ ಕಳೆದಂತೆ ಫಲ ಕಮ್ಮಿ. ಅಲರ್ಜಿಯಿಂದ ಸದಾ ಕಣ್ಣುಜ್ಜುವ ಮಕ್ಕಳಲ್ಲಿ ಕಾರ್ನಿಯಾ ಶಂಕುವಿನಂತೆ ಚೂಪಾಗುವುದುಂಟು. ಹತ್ತಿರದ ಸಂಬಂಧದಲ್ಲಿ ಮದುವೆ ನಡೆಯುವ ಕಡೆ ಇರುಳುಗುರುಡಿನಿಂದ ಶುರುವಾಗುವ ಆನುವಂಶಿಕ ಅಕ್ಷಿಪಟಲ ರೋಗಗಳೂ ಹೆಚ್ಚು.

ಮಗು ದೂರು ಹೇಳುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಲೋಕ ಇರುವುದೇ ಹೀಗೆ, ಸ್ವಲ್ಪ ಮಬ್ಬು ಎಂದು ಅದು ತಿಳಿದಿರುತ್ತದೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಸಿಟಿಬಸ್ಸಿನ ನಂಬರನ್ನು ಜೊತೆಯವರು ಓದಿ ಹೇಳುವವರೆಗೆ ಸುಮ್ಮನಿರುವುದು, ಕಣ್ಣು ಕಿರಿದು ಮಾಡಿ ನೋಡುವುದು, ಹಲಗೆ ಬಿಟ್ಟು ಪಕ್ಕದವನ ಪುಸ್ತಕದಿಂದ ನಕಲು ಮಾಡುವುದು ಇವೇ ಸೂಚನೆಗಳು. ಕೊನೆಯದ್ದಕ್ಕೆ ಸಾಮಾನ್ಯವಾಗಿ ಬೈಗುಳ ಸಿಗುತ್ತದೆ.

ಬ್ರೆಸ್ಲಾವ್‌ನಿಂದ ಕೊಡಿಯಾಲಬೈಲಿನವರೆಗೆ

ತಗ್ಗುಮಸೂರ ದೂರದ ವಸ್ತುವನ್ನು ಏಕೆ ಸ್ಪಷ್ಟಗೊಳಿಸುತ್ತದೆ ಎಂದು ಕೆಪ್ಲರ್ ವಿವರಿಸಿದ್ದು 1604ರಲ್ಲಿ. ಓದಿಗೂ ಕಣ್ಣಿಗೂ ಇರುವ ಸಂಬಂಧ ಕಣ್ಣಿಗೆ ಬೀಳಲು ಇನ್ನೆರಡು ಶತಮಾನ ಬೇಕಾಯಿತು. 1813ರಲ್ಲಿ ಜೇಮ್ಸ್ ವೇರ್ ಎಂಬ ಇಂಗ್ಲಿಷ್ ವೈದ್ಯ, ಕಾಲಾಳು ಪಡೆಯ ಸಾವಿರಾರು ಸಿಪಾಯಿಗಳಲ್ಲಿ ಸಮೀಪದೃಷ್ಟಿ ಇಲ್ಲವೆನ್ನುವಷ್ಟು ಅಪರೂಪ ಎಂದೂ ಆಕ್ಸ್‌ಫರ್ಡಿನ ಒಂದು ಕಾಲೇಜಿನ 127 ಮಂದಿಯಲ್ಲಿ 32 ಜನ ಕನ್ನಡಕ ಬಳಸುತ್ತಾರೆ ಎಂದೂ ವರದಿ ಮಾಡಿದ. ಸ್ನೆಲೆನ್‌ನ ಅಕ್ಷರಪಟ್ಟಿ 1862ರಲ್ಲಿ ಬಂದ ಮೇಲೆ ಅಳೆಯುವುದು ಸುಲಭವಾಯಿತು. 1867ರಲ್ಲಿ ಜರ್ಮನ್ ನಗರ ಬ್ರೆಸ್ಲಾವ್‌ನ ನೇತ್ರವೈದ್ಯ ಹರ್ಮನ್ ಕೋನ್ 10,060 ಶಾಲಾ ಮಕ್ಕಳ ಕಣ್ಣು ಪರೀಕ್ಷಿಸಿ ಪ್ರಕಟಿಸಿದ ಅಂಕಿಗಳು ಇಂದಿಗೂ ಈ ಚರ್ಚೆಯ ಬುನಾದಿ: ಹಳ್ಳಿಶಾಲೆಗಳಲ್ಲಿ ಸಮೀಪದೃಷ್ಟಿ ಶೇ 1.4, ಉನ್ನತ ಓದಿನ ಜಿಮ್ನಾಸಿಯಂಗಳಲ್ಲಿ ಶೇ 26.2. ತರಗತಿ ಏರಿದಂತೆ ಪ್ರಮಾಣವೂ ಏರುತ್ತಿತ್ತು. ಡೆಸ್ಕು ತಗ್ಗು, ಅಕ್ಷರ ಸಣ್ಣದು, ಕೋಣೆ ಕತ್ತಲು ಎಂದು ಕೋನ್ ದೂರಿದ. ಜರ್ಮನ್ ಶಾಲೆಗಳು ಪೀಠೋಪಕರಣ ಬದಲಿಸಿದವು, ಕಿಟಕಿ ದೊಡ್ಡದು ಮಾಡಿದವು.

ಅದೇ ಜರ್ಮನ್ ಭಾಷೆಯ ನಾಡುಗಳಿಂದ ಬಂದವರೇ ಮಂಗಳೂರಿನಲ್ಲಿ ಆಗ ಶಾಲೆ ಕಟ್ಟುತ್ತಿದ್ದರು. ಬಾಸೆಲ್ ಮಿಶನ್ ಇಲ್ಲಿಗೆ ಬಂದದ್ದು 1834ರಲ್ಲಿ, ಅವರ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಕೊಡಿಯಾಲಬೈಲಿನ ಬಳಿ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ, ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು 1891ರಲ್ಲಿ ತೆರೆದವು. ಓದುವ ಊರೆಂಬ ಹೆಸರು ಮಂಗಳೂರಿಗೆ ಬಂದದ್ದು ಹೀಗೆ.

ದೇಶದ ಮಟ್ಟದಲ್ಲಿ ಮಾತ್ರ ಮಕ್ಕಳ ಕಣ್ಣು ಎಂದರೆ ಬೇರೆಯೇ ಚಿಂತೆಯಿತ್ತು. ಕಣ್ಣಿನ ಸೋಂಕಾದ ಟ್ರಕೋಮ ತಡೆಯುವ ಕಾರ್ಯಕ್ರಮ 1963ರಲ್ಲಿ, ವಿಟಮಿನ್ ‘ಎ’ ದ್ರಾವಣ ಕುಡಿಸುವ ಕಾರ್ಯಕ್ರಮ 1970ರಲ್ಲಿ, ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಬಂದವು. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ನಡೆಸಿದ ಕರ್ನಾಟಕದಲ್ಲಿ ‘ಕಣ್ಣಿನ ಕ್ಯಾಂಪ್’ ಎಂದರೆ ಮುದುಕರ ಪೊರೆ ತೆಗೆಯುವುದು ಎಂದೇ ಅರ್ಥವಾಗಿತ್ತು. ಶಾಲೆಗಳಲ್ಲಿ ದೃಷ್ಟಿ ತಪಾಸಣೆ ಸರಕಾರದ ಕಾರ್ಯಕ್ರಮವಾದದ್ದು 1994ರಲ್ಲಿ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಜೊತೆಗೂಡಿದವು.

ಇಲ್ಲೊಂದು ಮಾತು. ಕಣ್ಣಿಗೆ ಒಳ್ಳೆಯದೆಂದು ಹೊನಗೊನ್ನೆ, ನುಗ್ಗೆಸೊಪ್ಪು ಬಡಿಸುವ ಅಜ್ಜಿಯರನ್ನು ನೋಡಿ ನಗುವುದು ಬೇಡ. ವಿಟಮಿನ್ ‘ಎ’ ಕೊರತೆಯ ಇರುಳುಗುರುಡು ಮನೆಮನೆಯಲ್ಲಿದ್ದ ಕಾಲಕ್ಕೆ ಅದು ಸರಿಯಾದ ಮದ್ದೇ. ಕಾಯಿಲೆ ಬದಲಾಗಿದೆ, ಅಷ್ಟೆ. ಉದ್ದವಾದ ಕಣ್ಣುಗುಡ್ಡೆಯನ್ನು ಸೊಪ್ಪಾಗಲಿ ಕ್ಯಾರೆಟ್ಟಾಗಲಿ ಗಿಡ್ಡ ಮಾಡಲಾರದು.

ವಂಶದ ವಾದ

‘ಅಪ್ಪನಿಗೂ ಕನ್ನಡಕ, ಮಗನಿಗೂ ಕನ್ನಡಕ’ ಎಂಬ ಮಾತಿನ ಹಿಂದೆ ಗಟ್ಟಿ ವಿಜ್ಞಾನವೇ ಇದೆ. 1962ರಲ್ಲಿ ಬ್ರಿಟನ್ನಿನ ನೇತ್ರವೈದ್ಯ ಆರ್ನಲ್ಡ್ ಸೋರ್ಸ್‌ಬಿ ಅವಳಿಗಳನ್ನು ಪರೀಕ್ಷಿಸಿ, ಒಂದೇ ಅಂಡದ ಅವಳಿಗಳ ಪವರ್ ಅಚ್ಚರಿಪಡುವಷ್ಟು ಹೊಂದುತ್ತದೆ ಎಂದು ತೋರಿಸಿದರು. ಈಚಿನ ಅಧ್ಯಯನಗಳು ಪವರಿಗೆ ಸಂಬಂಧಿಸಿದ ನೂರಾರು ತಾಣಗಳನ್ನು ನಮ್ಮ ವಂಶವಾಹಿಗಳಲ್ಲಿ ಗುರುತಿಸಿವೆ. ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳಿಗಷ್ಟೇ ಕನ್ನಡಕ ಬರುವುದೇಕೆ ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ.

ಒಂದೇ ತಲೆಮಾರಿನಲ್ಲಿ ಇಡೀ ಊರಿಗೆ ಕನ್ನಡಕ ಬರುವುದನ್ನು ಅದು ವಿವರಿಸಲಾರದು. 1969ರಲ್ಲಿ ಅಲಾಸ್ಕಾದ ಬ್ಯಾರೋ ಎಂಬಲ್ಲಿ ಇನ್ಯುಯಿಟ್ ಕುಟುಂಬಗಳನ್ನು ಪರೀಕ್ಷಿಸಿದಾಗ, ಶಾಲೆ ಕಾಣದ ಅಜ್ಜ ಅಜ್ಜಿಯರಲ್ಲಿ ಸಮೀಪದೃಷ್ಟಿ ಹುಡುಕಿದರೂ ಸಿಗಲಿಲ್ಲ. ಶಾಲೆಗೆ ಹೋದ ಎಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಇತ್ತು. ಇನ್ನೂ ಚೂಪಾದ ಸಾಕ್ಷ್ಯ ಬಂದದ್ದು 1993ರಲ್ಲಿ ಇಸ್ರೇಲಿನಿಂದ. ಅಲ್ಲಿನ ಸಂಪ್ರದಾಯಸ್ಥ ಯಹೂದಿ ಹುಡುಗರು ಎಳವೆಯಿಂದಲೇ ದಿನವಿಡೀ ಧರ್ಮಗ್ರಂಥ ಓದುತ್ತಾರೆ. ಅವರಲ್ಲಿ ಹತ್ತರಲ್ಲಿ ಎಂಟು ಮಂದಿಗೆ ಸಮೀಪದೃಷ್ಟಿ. ಅದೇ ಸಮುದಾಯದ ಹುಡುಗಿಯರಲ್ಲಿ ಅದರ ಅರ್ಧದಷ್ಟೂ ಇಲ್ಲ. ರಕ್ತ ಒಂದೇ, ಓದು ಬೇರೆ. ವಂಶ ಯಾರಿಗೆ ಮೊದಲು ಎಂಬುದನ್ನು ತೀರ್ಮಾನಿಸುತ್ತದೆ, ಎಷ್ಟು ಮಂದಿಗೆ ಎಂಬುದನ್ನು ಬದುಕಿನ ರೀತಿ ತೀರ್ಮಾನಿಸುತ್ತದೆ ಎಂದು ಬಹುತೇಕರು ಈಗ ಒಪ್ಪುತ್ತಾರೆ.

ಪುಸ್ತಕದ ವಾದ, ಮೊಬೈಲಿನ ವಾದ

ಹತ್ತಿರದಿಂದ ನೋಡುವಾಗ ಕಣ್ಣಿನ ಸ್ನಾಯು ಬಿಗಿಯುತ್ತದೆ, ಆ ಒತ್ತಡವೇ ಕಣ್ಣನ್ನು ಎಳೆದು ಉದ್ದ ಮಾಡುತ್ತದೆ ಎಂಬುದು ಹಳೆಯ ತರ್ಕ. ಕೇಳಲು ಸರಿಯೆನಿಸುತ್ತದೆ. ಹಾಗಿದ್ದರೆ ಹತ್ತಿರದ ಓದಿಗೆ ನೆರವಾಗುವ ಮಸೂರ ಕೊಟ್ಟರೆ ಏರಿಕೆ ನಿಲ್ಲಬೇಕಿತ್ತು. 2003ರಲ್ಲಿ ಪ್ರಕಟವಾದ ಅಮೆರಿಕದ ‘ಕಾಮೆಟ್’ ಪ್ರಯೋಗದಲ್ಲಿ ಮೂರು ವರ್ಷದ ಬಳಿಕ ಸಿಕ್ಕ ಲಾಭ ಬರೀ 0.20 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ). ಕೋಳಿಮರಿಗಳ ಮೇಲಿನ ಪ್ರಯೋಗಗಳು ಸ್ನಾಯುವಿನ ತರ್ಕಕ್ಕೆ ಇನ್ನೂ ದೊಡ್ಡ ಪೆಟ್ಟು ಕೊಟ್ಟವು: ಕಣ್ಣಿಂದ ಮೆದುಳಿಗೆ ಹೋಗುವ ನರವನ್ನು ಕತ್ತರಿಸಿದ ಮೇಲೂ ಮಸುಕು ಬಿಂಬ ಕಂಡ ಕಣ್ಣು ಉದ್ದವಾಗುತ್ತಲೇ ಹೋಯಿತು. ಬೆಳೆಯುವುದೋ ನಿಲ್ಲುವುದೋ ಎಂಬುದನ್ನು ಅಕ್ಷಿಪಟಲ ತಾನೇ ತೀರ್ಮಾನಿಸುತ್ತದೆ ಎಂದಾಯಿತು.

ಇಷ್ಟಾದರೂ ಓದಿನ ಮೇಲಿನ ಗುಮಾನಿ ಹೋಗಲಿಲ್ಲ. 2018ರಲ್ಲಿ ಬ್ರಿಟನ್ನಿನ ಸುಮಾರು 68 ಸಾವಿರ ಜನರ ವಂಶವಾಹಿ ಮಾಹಿತಿ ಬಳಸಿ ನಡೆಸಿದ ವಿಶ್ಲೇಷಣೆಯೊಂದು, ಶಿಕ್ಷಣದ ಪ್ರತಿ ವರ್ಷಕ್ಕೂ ಕಣ್ಣು 0.27 ಡಯಾಪ್ಟರ್‌ನಷ್ಟು ಸಮೀಪದೃಷ್ಟಿಯ ಕಡೆ ಜಾರುತ್ತದೆ ಎಂದು ಲೆಕ್ಕ ಹಾಕಿತು. ಸಮೀಪದೃಷ್ಟಿ ಇದ್ದವರು ಹೆಚ್ಚು ಓದುತ್ತಾರೆ ಎಂಬ ತಿರುವುಮುರುವು ವಾದಕ್ಕೆ ಆಧಾರ ಸಿಗಲಿಲ್ಲ. ಈ ಲೆಕ್ಕದ ಪ್ರಕಾರ ಓದು ಕಾರಣ, ಕಣ್ಣು ಪರಿಣಾಮ.

ಮೊಬೈಲು? ಮಂಗಳೂರಿನ ಯಾವ ಮನೆಯಲ್ಲಿ ಕೇಳಿದರೂ ಮೊದಲ ಆರೋಪಿ ಅದೇ. ಆದರೆ ಚೀನಾದ ಗುವಾಂಗ್ಝೌ ನಗರದಲ್ಲಿ 15 ವರ್ಷದವರಲ್ಲಿ ಶೇ 78.4 ಮಂದಿಗೆ ಸಮೀಪದೃಷ್ಟಿ ಇದೆಯೆಂಬ ಅಧ್ಯಯನ ಪ್ರಕಟವಾದದ್ದು 2004ರಲ್ಲಿ. ಸ್ಮಾರ್ಟ್‌ಫೋನ್ ಅಂಗಡಿಗೆ ಬರುವ ಮೊದಲು. ಹಾಗೆಂದು ಮೊಬೈಲು ನಿರಪರಾಧಿಯೂ ಅಲ್ಲ: ಪುಸ್ತಕಕ್ಕಿಂತ ಹತ್ತಿರ ಹಿಡಿಯುತ್ತೇವೆ, ಪುಟ ಮುಗಿಯುವುದಿಲ್ಲ, ಎರಡು ವರ್ಷದ ಮಗುವಿನ ಕೈಗೂ ಹೋಗುತ್ತದೆ. ಕೊರೋನಾ ಕಾಲದ ಮನೆವಾಸದ ಬಳಿಕ ಚೀನಾದ ಫೇಚೆಂಗ್‌ನಲ್ಲಿ ಆರು ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ ಶೇ 5.7ರಿಂದ 21.5ಕ್ಕೆ ಜಿಗಿದಿತ್ತು. ಪರದೆ ನೋಡಿದ್ದರಿಂದಲೋ, ಅಂಗಳಕ್ಕೆ ಇಳಿಯದ್ದರಿಂದಲೋ? ಆ ಅಂಕಿಯಿಂದ ಎರಡನ್ನೂ ಬಿಡಿಸಿ ನೋಡಲಾಗುವುದಿಲ್ಲ. ಮೊಬೈಲನ್ನು ದೂರುವುದು ಹಿರಿಯರಿಗೆ ಅನುಕೂಲ ಎಂಬುದು ನನ್ನ ಅನಿಸಿಕೆ; ಅದನ್ನು ದೂರಿದರೆ ಸಂಜೆಯ ಟ್ಯೂಷನ್ನನ್ನು ಪ್ರಶ್ನಿಸಬೇಕಾಗಿಲ್ಲ.

ಬೆಳಕಿನ ವಾದ

2008ರಲ್ಲಿ ಆಸ್ಟ್ರೇಲಿಯಾದ ಕ್ಯಾಥರಿನ್ ರೋಸ್ ಮತ್ತು ಸಂಗಡಿಗರು ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಎರಡು ನಗರಗಳಲ್ಲಿ ಹೋಲಿಸಿದರು. ಸಿಂಗಾಪುರದಲ್ಲಿ ಸಮೀಪದೃಷ್ಟಿ ಶೇ 29.1, ಸಿಡ್ನಿಯಲ್ಲಿ ಶೇ 3.3. ಸಿಡ್ನಿಯ ಮಕ್ಕಳು ಪುಸ್ತಕವನ್ನು ಹೆಚ್ಚೇ ಓದುತ್ತಿದ್ದರು. ಎದ್ದು ಕಂಡ ವ್ಯತ್ಯಾಸವೊಂದೇ: ಸಿಡ್ನಿಯವರು ವಾರಕ್ಕೆ 13.75 ಗಂಟೆ ಮನೆಯಿಂದ ಹೊರಗೆ, ಸಿಂಗಾಪುರದವರು 3.05 ಗಂಟೆ. ತರಗತಿಯೊಳಗೆ ಬೆಳಕು ಕೆಲವು ನೂರು ಲಕ್ಸ್. ಹೊರಗೆ ಮೋಡವಿದ್ದರೂ ಸಾವಿರಗಳ ಲೆಕ್ಕ. ಪ್ರಖರ ಬೆಳಕಿಗೆ ಅಕ್ಷಿಪಟಲ ಡೋಪಮಿನ್ ಸ್ರವಿಸುತ್ತದೆ, ಅದು ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಆಟವಾಡಲೇಬೇಕೆಂದಿಲ್ಲ, ಹೊರಗಿದ್ದರೆ ಸಾಕು.

ಗುವಾಂಗ್ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಹೊರಾಂಗಣ ಪಿರಿಯಡ್ ಸೇರಿಸಿದಾಗ ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ 30.4; ಸೇರಿಸದ ಶಾಲೆಗಳಲ್ಲಿ ಶೇ 39.5. 2015ರಲ್ಲಿ ಬಂದ ಈ ಫಲಿತಾಂಶ ಪವಾಡವಲ್ಲ, ನಿಜವಾದ ಲಾಭ. ತೈವಾನ್ 2010ರಿಂದ ದಿನಕ್ಕೆ 120 ನಿಮಿಷ ಮಕ್ಕಳನ್ನು ಹೊರಗಿಡುವ ಕಾರ್ಯಕ್ರಮ ನಡೆಸಿತು. ಅದುವರೆಗೆ ಏರುತ್ತಲೇ ಇದ್ದ ದೃಷ್ಟಿಮಾಂದ್ಯದ ಪ್ರಮಾಣ 2011ರ ಶೇ 50ರಿಂದ 2015ಕ್ಕೆ ಶೇ 46.1ಕ್ಕೆ ಇಳಿಯಿತು. ನಮ್ಮಲ್ಲೂ ದೆಹಲಿಯ ಶಾಲಾ ಮಕ್ಕಳ ಅಧ್ಯಯನವೊಂದು (2015) ಶೇ 13.1 ಮಂದಿಯಲ್ಲಿ ಸಮೀಪದೃಷ್ಟಿ ಗುರುತಿಸಿ, ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊರಗಿರುವ ಮಕ್ಕಳಿಗೆ ಅದರ ಅಪಾಯ ಕಡಿಮೆ ಎಂದಿತು. ಆದರೆ ಬಿಸಿಲು ತಡೆಯುವುದು ಮುಖ್ಯವಾಗಿ ಹೊಸ ಪ್ರಕರಣಗಳನ್ನು. ಆಗಲೇ ಬಂದ ಪವರ್ ಏರುವುದನ್ನು ಅದು ಅಷ್ಟಾಗಿ ತಡೆಯುವಂತೆ ಕಾಣುವುದಿಲ್ಲ.

ಮಂಗಳೂರಿಗೆ ಈ ಲೆಕ್ಕ ತಂದರೆ ಮೊದಲು ಎದುರಾಗುವುದು ಮಳೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಸುರಿಯುವ ಊರಿದು. ಶೈಕ್ಷಣಿಕ ವರ್ಷ ಶುರುವಾಗುವುದೇ ಮಳೆಯೊಂದಿಗೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು. ಮಾರ್ಚ್ ಬಂದರೆ ಪರೀಕ್ಷೆ, ಜೊತೆಗೆ ಬೆವರಿಳಿಸುವ ಸೆಕೆ. ಉಳಿದ ನಾಲ್ಕೈದು ತಿಂಗಳಲ್ಲಿ ಪಿ.ಟಿ. ಪಿರಿಯಡ್ಡನ್ನು ಗಣಿತದ ಮೇಷ್ಟ್ರು ಕೇಳಿ ಪಡೆಯುತ್ತಾರೆ. ನೆಹರೂ ಮೈದಾನ, ಮಂಗಳಾ ಕ್ರೀಡಾಂಗಣ ಎಲ್ಲ ಮಕ್ಕಳಿಗೂ ನಡೆದು ಹೋಗುವಷ್ಟು ಹತ್ತಿರವಿಲ್ಲ. ಫ್ಲ್ಯಾಟಿನ ಕೆಳಗೆ ಇರುವುದು ಕಾರುಗಳ ಜಾಗ.

ಹಾಗಿದ್ದರೂ ತೈವಾನಿನಿಂದಲೇ 2018ರಲ್ಲಿ ಬಂದ ಇನ್ನೊಂದು ಅಧ್ಯಯನ ನಮ್ಮ ಊರಿಗೆ ಹೇಳಿಮಾಡಿಸಿದಂತಿದೆ. ಸುಡುಬಿಸಿಲು ಬೇಕಿಲ್ಲ, 1,000 ಲಕ್ಸ್ ದಾಟಿದ ಬೆಳಕಿನಲ್ಲಿ ಹೆಚ್ಚು ಹೊತ್ತು ಇದ್ದರೂ ಪ್ರಯೋಜನವುಂಟು, ಮರದ ನೆರಳು ಅಥವಾ ತೆರೆದ ಕಾರಿಡಾರ್ ಕೂಡ ಆದೀತು ಎಂಬುದು ಅದರ ಸೂಚನೆ. ಮಂಗಳೂರು ಹಂಚಿನ ಮಾಡು, ಮುಂದೆ ಉದ್ದಕ್ಕೂ ತೆರೆದ ಜಗಲಿ ಇರುವ ಹಳೆಯ ಶಾಲಾ ಕಟ್ಟಡಗಳು ಈ ಊರಲ್ಲಿ ಇನ್ನೂ ಇವೆ. ಮಳೆಗಾಲದ ವಿರಾಮದ ಹೊತ್ತು ಅಲ್ಲಿ ಕಳೆಯಬಹುದು. ಗಾಜು ಮುಚ್ಚಿದ ಏಸಿ ಕಟ್ಟಡಗಳಲ್ಲಿ ಆ ಅವಕಾಶವೂ ಇಲ್ಲ.

ಕನ್ನಡಕ ಎಂಬ ಹಳೆಯ ಉತ್ತರ

ಮೇಲಿನ ವಾದಗಳಲ್ಲಿ ಯಾವುದು ಗೆದ್ದರೂ ಇವತ್ತು ಹಲಗೆ ಕಾಣದ ಮಗುವಿಗೆ ಬೇಕಾದದ್ದು ಕನ್ನಡಕ. ಚೀನಾದ 252 ಗ್ರಾಮೀಣ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಚಿತ ಕನ್ನಡಕ ಪಡೆದ ಮಕ್ಕಳ ಗಣಿತದ ಅಂಕ ಸುಧಾರಿಸಿತು. ಅಂಕಗಳಿಗಾಗಿ ಇಷ್ಟೆಲ್ಲ ಖರ್ಚು ಮಾಡುವ ನಮ್ಮಂಥ ಜಿಲ್ಲೆಗೆ ಈ ಒಂದು ಫಲಿತಾಂಶ ಸಾಕಿತ್ತು.

ತಪಾಸಣೆಯ ವಿಧಾನ ಸರಳ. ತರಬೇತಿ ಪಡೆದ ಶಿಕ್ಷಕರು ಆರು ಮೀಟರ್ ದೂರದಲ್ಲಿ ‘ಇ’ ಪಟ್ಟಿ ಹಿಡಿದು, ಅಕ್ಷರದ ಬಾಯಿ ಯಾವ ಕಡೆಗಿದೆ ಎಂದು ಕೇಳುತ್ತಾರೆ. 6/9 ಸಾಲು ಕಾಣದವರನ್ನು ನೇತ್ರ ಸಹಾಯಕರ ಬಳಿಗೆ ಕಳಿಸುತ್ತಾರೆ. ಮುಂದಿನ ಹಂತಕ್ಕೆ ಮಂಗಳೂರಿನಲ್ಲಿ ಕೊರತೆಯಿಲ್ಲ. ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ಕೆಎಂಸಿ, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಯೆನೆಪೊಯ ಮತ್ತು ಕೆ.ಎಸ್. ಹೆಗ್ಡೆ: ಇಷ್ಟು ಹತ್ತಿರ ಹತ್ತಿರ ದೊಡ್ಡ ಆಸ್ಪತ್ರೆಗಳೂ ವೈದ್ಯಕೀಯ ಕಾಲೇಜುಗಳೂ ಇರುವ ಊರು ರಾಜ್ಯದಲ್ಲಿ ಕಡಿಮೆ. ರಾಜ್ಯ ಸರಕಾರದ ‘ಆಶಾಕಿರಣ’ ಯೋಜನೆ ಮನೆಬಾಗಿಲ ತಪಾಸಣೆ, ಉಚಿತ ಕನ್ನಡಕ ಎಂದು ಹೊರಟದ್ದು ಕಲಬುರಗಿ, ಹಾವೇರಿ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಿಂದ. ಆಸ್ಪತ್ರೆ ದೂರವಿರುವ ಕಡೆ ಅದು ನ್ಯಾಯವೇ. ಮಂಗಳೂರಿನ ತೂತು ಇನ್ನೊಂದು ಕಡೆ ಇದೆ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವ್ಯಾಪ್ತಿ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಅತಿ ಬೇಗ ಅಕ್ಷರಕ್ಕೆ ಕೂರಿಸುವ, ಅತಿ ಹೆಚ್ಚು ಓದಿಸುವ ಅನುದಾನರಹಿತ ಆಂಗ್ಲಮಾಧ್ಯಮ ಶಾಲೆಗಳ ಮಕ್ಕಳು ಈ ಜಾಲದ ಹೊರಗಿದ್ದಾರೆ. ಅಲ್ಲಿ ತಪಾಸಣೆ ಆಗುವುದು ಆಡಳಿತ ಮಂಡಳಿಯ ಮನಸ್ಸಿದ್ದರೆ.

ಕನ್ನಡಕ ಕೊಟ್ಟ ಮೇಲೆ ಹಾಕುತ್ತಾರೆಯೇ? ಬೆಂಗಳೂರಿನ 11ರಿಂದ 15 ವರ್ಷದ 460 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ನಮ್ಮ ರಾಜ್ಯದ್ದೇ ಉತ್ತರ. ಅರ್ಧ ಮಕ್ಕಳಿಗೆ ಅಳತೆ ಕೊಟ್ಟು ಮಾಡಿಸಿದ್ದು, ಉಳಿದವರಿಗೆ ಅಗ್ಗದ ಸಿದ್ಧ ಕನ್ನಡಕ. ಮೂರು ನಾಲ್ಕು ತಿಂಗಳ ಬಳಿಕ ಎರಡೂ ಗುಂಪಿನಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳು ಕನ್ನಡಕ ಬಳಸುತ್ತಿದ್ದರು. ಬಹಳ ಮಕ್ಕಳಿಗೆ ಸಿದ್ಧ ಕನ್ನಡಕವೇ ಸಾಕು, ಖರ್ಚು ಉಳಿಯುತ್ತದೆ. ಉಳಿದ ಕಾಲು ಭಾಗದ ಕಥೆ ಎಲ್ಲರಿಗೂ ಗೊತ್ತಿರುವುದೇ: ‘ಸೋಡಾ ಗ್ಲಾಸ್’ ಎಂಬ ಲೇವಡಿ, ಮುರಿದ ಕಡ್ಡಿ, ಹಾಕಿದರೆ ಪವರ್ ಹೆಚ್ಚುತ್ತದೆ ಎಂಬ ಹೆದರಿಕೆ. ಹುಡುಗಿಯಾದರೆ ಮುಂದೆ ಸಂಬಂಧ ಕೂಡಿಬರುವಾಗ ತೊಡಕಾದೀತು ಎಂಬ ಲೆಕ್ಕಾಚಾರವೂ ಉಂಟು. ಪದವಿಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಗಳಲ್ಲೂ ಅದು ಸತ್ತಿಲ್ಲ.

ಪವರ್ ಹೆಚ್ಚುವ ಹೆದರಿಕೆಗೆ ಉತ್ತರವಿದೆ. ಬೇಕಾದುದಕ್ಕಿಂತ ಕಡಿಮೆ ನಂಬರಿನ ಗಾಜು ಕೊಟ್ಟರೆ ಕಣ್ಣು ಸುಧಾರಿಸೀತು ಎಂದು ವೈದ್ಯರಲ್ಲೂ ಹಲವರು ನಂಬಿದ್ದರು. 2002ರಲ್ಲಿ ಮಲೇಷ್ಯಾದಲ್ಲಿ ಹಾಗೆ ಮಾಡಿ ನೋಡಿದಾಗ ಪವರ್ ಇನ್ನಷ್ಟು ವೇಗವಾಗಿ ಏರಿತು. ಕಣ್ಣಿನ ವ್ಯಾಯಾಮದಿಂದ ಕನ್ನಡಕ ಬಿಡಿಸುವ ವಾದಕ್ಕೂ ನೂರು ವರ್ಷದ ಚರಿತ್ರೆಯಿದೆ. ಅಮೆರಿಕದ ವಿಲಿಯಂ ಬೇಟ್ಸ್ 1920ರಲ್ಲಿ ಪ್ರಚಾರ ಮಾಡಿದ್ದನ್ನು ಭಾರತದಲ್ಲಿ ಡಾ. ಆರ್.ಎಸ್. ಅಗರ್ವಾಲ್ ಪಾಂಡಿಚೇರಿಯ ಅರವಿಂದಾಶ್ರಮದ ಮೂಲಕ ಬೆಳೆಸಿದರು. ದಣಿದ ಕಣ್ಣಿಗೆ ಆ ವ್ಯಾಯಾಮಗಳು ಹಿತ ಕೊಡಬಹುದು. 25 ಮಿಲಿಮೀಟರ್ ಆದ ಕಣ್ಣನ್ನು 24ಕ್ಕೆ ತಂದ ವ್ಯಾಯಾಮ ಇಲ್ಲ.

ಇನ್ನೊಂದು ಪ್ರಾಯೋಗಿಕ ಮಾತು: ಮಕ್ಕಳ ಕಣ್ಣಿನ ಸ್ನಾಯು ಬಲು ಚುರುಕು, ಕನ್ನಡಕದಂಗಡಿಯ ಕಂಪ್ಯೂಟರಿಗೆ ಇಲ್ಲದ ಮೈನಸ್ ತೋರಿಸಿಬಿಡುತ್ತದೆ. ಹನಿ ಹಾಕಿ ಸ್ನಾಯು ಸಡಿಲಿಸಿ ಅಳೆದದ್ದೇ ಸರಿಯಾದ ಅಳತೆ. ಆ ದಿನ ಮಂಜು ಮಂಜಾಗಿ ಕಾಣುತ್ತದೆಂಬ ಕಾರಣಕ್ಕೆ ಅದನ್ನು ತಪ್ಪಿಸುವುದು ಸರಿಯಲ್ಲ.

ನಿಧಾನಿಸುವ ಉಪಾಯಗಳು

ಪವರ್ ಏರುವ ವೇಗ ತಗ್ಗಿಸುವ ಚಿಕಿತ್ಸೆಗಳಲ್ಲಿ ಅಟ್ರೋಪಿನ್ ಹನಿಗಳದ್ದೇ ದೊಡ್ಡ ಸುದ್ದಿ. ಸಿಂಗಾಪುರದ ಅಧ್ಯಯನ (2012) 0.01 ಪ್ರತಿಶತದ ಸೌಮ್ಯ ಹನಿಗೆ ಒಲವು ತೋರಿತು. ಹಾಂಗ್‌ಕಾಂಗ್‌ನಿಂದ 2019ರಲ್ಲಿ ಬಂದ ಅಧ್ಯಯನ 0.05 ಪ್ರತಿಶತವೇ ಹೆಚ್ಚು ಪರಿಣಾಮಕಾರಿ ಎಂದಿತು. ಭಾರತದ ‘ಐ-ಆಟಮ್’ ಅಧ್ಯಯನದಲ್ಲಿ 0.01ರ ಹನಿ ಒಂದು ವರ್ಷದ ಏರಿಕೆಯನ್ನು ಅರ್ಧದಷ್ಟು ತಗ್ಗಿಸಿದರೆ, 2023ರ ಅಮೆರಿಕದ ಪ್ರಯೋಗವೊಂದರಲ್ಲಿ ಅದೇ ಹನಿಗೂ ಔಷಧವಿಲ್ಲದ ಬರೀ ಹನಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಂಚಿನಲ್ಲಿ ಬಿಂಬವನ್ನು ಬೇರೆ ರೀತಿ ಮೂಡಿಸುವ ಹೊಸ ಬಗೆಯ ಕನ್ನಡಕಗಳು ಎರಡು ವರ್ಷದಲ್ಲಿ ಏರಿಕೆಯನ್ನು ಶೇ 52ರಷ್ಟು ಕುಗ್ಗಿಸಿದವೆಂದು ಹಾಂಗ್‌ಕಾಂಗ್ ವರದಿ ಹೇಳುತ್ತದೆ. ಬೆಲೆ ಮಾತ್ರ ಮಾಮೂಲಿ ಗಾಜಿನ ಹಲವು ಪಟ್ಟು.

ತೀರದ ಲೆಕ್ಕಗಳು

ಭಾರತದ ನಗರಗಳ 5ರಿಂದ 15 ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ 1999ರಲ್ಲಿ ಶೇ 4.44 ಇದ್ದದ್ದು 2019ಕ್ಕೆ ಶೇ 21.15 ಆಯಿತು, 2050ಕ್ಕೆ ಶೇ 48 ದಾಟೀತು ಎಂಬುದು ಸಂಶೋಧಕರ ಒಂದು ಅಂದಾಜು. ಆದರೆ ಇದು ನೇರ ಗೆರೆ ಎಳೆದು ಹೇಳಿದ ಭವಿಷ್ಯ. ನಮ್ಮ ಮಕ್ಕಳೂ ಪರೀಕ್ಷೆಗೆಂದು ಕಡಿಮೆಯೇನೂ ಓದುವುದಿಲ್ಲ. ಆದರೂ ಗುವಾಂಗ್ಝೌ ಮಟ್ಟವನ್ನು ನಮ್ಮ ನಗರಗಳು ಇನ್ನೂ ಮುಟ್ಟಿಲ್ಲವೇಕೆ? ಬಿಸಿಲೋ, ವಂಶವೋ, ಅಥವಾ ನಾವು ಅದೇ ದಾರಿಯಲ್ಲಿ ಇಪ್ಪತ್ತು ವರ್ಷ ಹಿಂದಿದ್ದೇವೆಯೋ, ಮೂರಕ್ಕೂ ವಾದಿಸುವವರಿದ್ದಾರೆ.

ಪುಸ್ತಕದ ಒಂದು ಗಂಟೆಯೂ ಪರದೆಯ ಒಂದು ಗಂಟೆಯೂ ಕಣ್ಣಿಗೆ ಸಮವೇ ಎಂಬುದಕ್ಕೆ ಉತ್ತರವಿಲ್ಲ. ಹನಿಯ ಸರಿಯಾದ ಪ್ರಮಾಣ, ಅದನ್ನು ನಿಲ್ಲಿಸಬೇಕಾದ ವಯಸ್ಸು ತೀರ್ಮಾನವಾಗಿಲ್ಲ. ಸೋಮಾರಿ ಕಣ್ಣನ್ನು ಹಿಡಿಯಲು ತಪಾಸಣೆ ಅಂಗನವಾಡಿ, ಎಲ್‌ಕೆಜಿಗಳಿಂದಲೇ ಶುರುವಾಗಬೇಕು ಎನ್ನುವವರಿಗೆ, ಆ ವಯಸ್ಸಿನ ಮಕ್ಕಳನ್ನು ಅಳೆಯುವ ನುರಿತವರೆಲ್ಲಿ ಎಂಬ ಮರುಪ್ರಶ್ನೆ ಎದುರಾಗುತ್ತದೆ. ಸಮೀಪದೃಷ್ಟಿ ಎಷ್ಟು ಬೇಗ ಶುರುವಾಗುತ್ತದೋ ಕೊನೆಗೆ ನಿಲ್ಲುವ ನಂಬರ್ ಅಷ್ಟು ದೊಡ್ಡದು. ನಂಬರ್ ಬಹಳ ದೊಡ್ಡದಾದರೆ ಮಧ್ಯವಯಸ್ಸಿನಲ್ಲಿ ಅಕ್ಷಿಪಟಲ ಕಿತ್ತುಬರುವ, ಗ್ಲಾಕೋಮ ಬರುವ ಅಪಾಯ. ಹಾಗಾಗಿ ಮೂರು ವರ್ಷಕ್ಕೇ ಪೆನ್ಸಿಲ್ ಹಿಡಿಸುವ ನರ್ಸರಿಗಳ ಪ್ರಶ್ನೆಯೂ ಕಣ್ಣಿನ ಪ್ರಶ್ನೆಯೇ. ಅದನ್ನು ನೇತ್ರವೈದ್ಯರು ಶಿಕ್ಷಣ ಇಲಾಖೆಗೆ ಬಿಡುತ್ತಾರೆ, ಇಲಾಖೆ ಪೋಷಕರತ್ತ ನೋಡುತ್ತದೆ. ದಿನಕ್ಕೆ 40 ನಿಮಿಷ ಹೊರಗೆ ಎಂದು ನಾಳೆ ಯಾರಾದರೂ ಆದೇಶ ಹೊರಡಿಸಿದರೂ, ಅನುದಾನರಹಿತ ಶಾಲೆಯಲ್ಲಿ, ಅದೂ ಜುಲೈ ತಿಂಗಳಲ್ಲಿ, ಯಾವ ವಿಷಯದ ಪಿರಿಯಡ್ಡಿನಿಂದ ಆ ಹೊತ್ತನ್ನು ಕಡಿಯಬೇಕು ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬುದಂತೂ ಇನ್ನೂ ಯಾರ ಮೇಜಿಗೂ ಬಂದಿಲ್ಲ.